ಸ್ಟಾರ್ಟ್ ಆಗದ ಹಳೆ ವೀಡ್ ಕಟ್ಟರ್: ನೀವೇ ಬಿಚ್ಚಬೇಕಾ, ಅಂಗಡಿಗೆ ಕೊಡಬೇಕಾ?

ಸಕಲೇಶಪುರ, ಮೂಡಿಗೆರೆ, ಕಳಸ ಕಡೆ ತೋಟದ ಗೋಡೌನ್‌ಗಳಲ್ಲಿ ಒಂದು ಹಳೆ ವೀಡ್ ಕಟ್ಟರ್ ಮೂಲೆಗೆ ಒರಗಿಕೊಂಡು ನಿಂತೇ ಇರುತ್ತದೆ. ಹಗ್ಗ ಎಳೆದು ಎಳೆದು ಕೈ ಸೋತು, ಯಾರೋ "ಕಾರ್ಬೋರೇಟರ್ ಹೋಗಿದೆ" ಅಂದರು ಅಂತ ಬಿಟ್ಟ ಮಷಿನ್. ನಿಜವಾಗಿ ಏನು ಹೋಗಿದೆ ಅಂತ ಯಾರೂ ನೋಡಿರುವುದಿಲ್ಲ. ಅದನ್ನು ನೋಡೋಕೆ ಒಂದು ಬೆಳಗ್ಗೆ ಸಾಕು. ಅಲ್ಲಿಯವರೆಗೆ ಒಂದು ಪಾರ್ಟ್ ಕೂಡ ತರಬೇಡಿ.

ನಾನು ಹೇಳುತ್ತಿರುವುದು ಟೂ ಸ್ಟ್ರೋಕ್ ಬಗ್ಗೆ, ಅಂದರೆ ಪೆಟ್ರೋಲ್‌ಗೆ ಆಯಿಲ್ ಬೆರೆಸಿ ಹಾಕುವ ಮಷಿನ್. ಹೋಂಡಾ ಜಿಎಕ್ಸ್ 35 ಥರದ ಫೋರ್ ಸ್ಟ್ರೋಕ್‌ನಲ್ಲಿ ವಾಲ್ವ್ ಇರುತ್ತದೆ, ಅದರ ಲೆಕ್ಕವೇ ಬೇರೆ.

ಎಲ್ಲರೂ ಕಾರ್ಬೋರೇಟರ್‌ಗೆ, ಅಂದರೆ ಪೆಟ್ರೋಲ್‌ಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಭಾಗಕ್ಕೆ, ಮೊದಲು ಕೈ ಹಾಕುತ್ತಾರೆ. ನೀವು ಸೈಲೆನ್ಸರ್‌ಗೆ ಕೈ ಹಾಕಿ. ಬ್ಲೇಡ್ ತೆಗೆದಿಡಿ, ಸ್ಪಾರ್ಕ್ ಪ್ಲಗ್ ಮೇಲಿನ ಕ್ಯಾಪ್ ಎಳೆದುಬಿಡಿ, ಆಮೇಲೆ ಸೈಲೆನ್ಸರ್ ಬೋಲ್ಟ್ ಬಿಚ್ಚಿ. ಸಿಲಿಂಡರ್‌ನಲ್ಲಿ ಹೊಗೆ ಹೊರಗೆ ಬರುವ ತೂತು ಕಾಣುತ್ತದೆ. ಒಂದು ಕೈಯಲ್ಲಿ ಟಾರ್ಚ್ ಹಿಡಿದು ಇನ್ನೊಂದು ಕೈಯಲ್ಲಿ ಹಗ್ಗವನ್ನು ನಿಧಾನಕ್ಕೆ ಎಳೆದರೆ ಪಿಸ್ಟನ್ ಆ ತೂತಿನ ಮುಂದೆ ಮೇಲೆ ಕೆಳಗೆ ಹೋಗುವುದು ಕಾಣುತ್ತದೆ. ಪಿಸ್ಟನ್ ಮೈ ನುಣ್ಣಗೆ ಬೂದು ಬಣ್ಣಕ್ಕಿದ್ದರೆ ಒಳ್ಳೆಯದು. ಕಂಡೂ ಕಾಣದಂಥ ಸಣ್ಣ ಗೆರೆಗಳಿದ್ದರೂ ಚಿಂತೆಯಿಲ್ಲ. ಆದರೆ ಮೇಲಿಂದ ಕೆಳಗೆ ಉದ್ದಕ್ಕೆ ಕೆರೆದ ಗಾಯ ಇದ್ದರೆ, ಉಗುರು ಆಡಿಸಿದಾಗ ಸಿಕ್ಕಿಕೊಂಡರೆ, ಆ ಪಿಸ್ಟನ್ ಮುಗಿದಂತೆ. ಪಿಸ್ಟನ್ ಸುತ್ತ ಇರುವ ರಿಂಗನ್ನು ಮರದ ಕಡ್ಡಿಯಿಂದ ಮೆಲ್ಲಗೆ ಒತ್ತಿ ನೋಡಿ. ಒಳಗೆ ಹೋಗಿ ವಾಪಸ್ ಬರಬೇಕು. ಅಲ್ಲಾಡದೇ ಇದ್ದರೆ ಕಾರ್ಬನ್‌ನಲ್ಲಿ ಅಂಟಿಕೊಂಡಿದೆ ಅಂತ ಅರ್ಥ.

ಗಾಯ ಕಂಡರೆ ಅಲ್ಲಿಗೇ ನಿಲ್ಲಿಸಿ. ಪಿಸ್ಟನ್ ಕಿಟ್ ಸಿಗುತ್ತದಲ್ವಾ, ಹಾಕಿದರಾಯಿತು ಅಂತ ಅನ್ನಿಸಬಹುದು. ಮಾರ್ಕೆಟ್‌ನಲ್ಲಿ ಜಾಸ್ತಿ ಓಡುವ 52 ಸಿಸಿ ಚೈನಾ ಮಷಿನ್‌ಗೆ 44 ಎಂಎಂ ಪಿಸ್ಟನ್, 43 ಸಿಸಿಗೆ 40 ಎಂಎಂ, ಎರಡೂ ಸುಲಭವಾಗಿ ಸಿಗುತ್ತವೆ. ಆದರೆ ಪಿಸ್ಟನ್ ಸುಮ್ನೆ ಕೆರೆಯುವುದಿಲ್ಲ. ಆಯಿಲ್ ಕಡಿಮೆ ಬಿದ್ದಿರಬೇಕು, ಇಲ್ಲಾಂದ್ರೆ ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ದಂಡ) ಸೀಲ್‌ನಿಂದಲೋ ಗ್ಯಾಸ್ಕೆಟ್‌ನಿಂದಲೋ ಗಾಳಿ ಒಳಗೆ ನುಗ್ಗಿ ಎಂಜಿನ್ ಒಣಗಿ ಓಡಿರಬೇಕು. ಆ ಕಾರಣ ಹುಡುಕದೆ ಹೊಸ ಪಿಸ್ಟನ್ ಹಾಕಿದರೆ ಅದಕ್ಕೂ ಅದೇ ಗತಿ. ಫ್ಲೈವೀಲ್, ಅಂದರೆ ಕ್ರ್ಯಾಂಕ್ ತುದಿಯ ಭಾರದ ಚಕ್ರ, ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ. ಆಟ ಇದ್ದರೆ ಬೇರಿಂಗ್ ಹೋಗಿದೆ, ಕ್ರ್ಯಾಂಕ್ ಕೇಸ್ ಎರಡು ಹೋಳು ಮಾಡಬೇಕು. ಅದು ಗೊತ್ತಿರುವ ಮೆಕ್ಯಾನಿಕ್ ಕೆಲಸ. ಖರ್ಚು ಹೊಸ ಮಷಿನ್ ಬೆಲೆಯ ಅರ್ಧ ದಾಟುವ ಹಾಗಿದ್ದರೆ ಬಿಟ್ಟುಬಿಡಿ ಅಂತಲೇ ನಾನು ಹೇಳುತ್ತೇನೆ.

ಪಿಸ್ಟನ್ ಚೆನ್ನಾಗಿದ್ದರೆ ಸೈಲೆನ್ಸರ್ ಮತ್ತೆ ಹಾಕುವ ಮುಂಚೆ ಅದರೊಳಗಿನ ಜಾಲರಿ ನೋಡಿ, ಎಲ್ಲ ಮಾಡೆಲ್‌ನಲ್ಲೂ ಇರುವುದಿಲ್ಲ. ಕಡಿಮೆ ಬೆಲೆಯ ಆಯಿಲ್ ಹಾಕಿ ಓಡಿಸಿದ ಮಷಿನ್‌ನಲ್ಲಿ ಅದು ಮಸಿಯಿಂದ ಪೂರ್ತಿ ಮುಚ್ಚಿರುತ್ತದೆ. ಸ್ಟಾರ್ಟ್ ಆಗುತ್ತದೆ, ಆದರೆ ಪವರ್ ಇಲ್ಲ ಅನ್ನುವ ಎಷ್ಟೋ ಮಷಿನ್‌ಗಳ ಕಾಯಿಲೆ ಇಷ್ಟೇ.

ಮುಂದೆ ಕಂಪ್ರೆಷನ್, ಅಂದರೆ ಪಿಸ್ಟನ್ ಮೇಲೆ ಬರುವಾಗ ಸಿಲಿಂಡರ್ ಒಳಗೆ ಆಗುವ ಒತ್ತಡ. ಪ್ಲಗ್ ಹಾಕಿ, ಕ್ಯಾಪ್ ಹಾಕದೆ ಹಗ್ಗ ನಿಧಾನಕ್ಕೆ ಎಳೆಯಿರಿ. ಒಂದು ಕಡೆ ಗಟ್ಟಿಯಾಗಿ ತಡೆದು ಆಮೇಲೆ ಬಿಡಬೇಕು. ಈಸಿ ಸ್ಟಾರ್ಟ್ (ಹಗ್ಗ ಹಗುರವಾಗಿ ಎಳೆಯುವ ವ್ಯವಸ್ಥೆ) ಇರುವ ಮಷಿನ್‌ನಲ್ಲಿ ಇದು ಕೈಗೆ ಸರಿಯಾಗಿ ಗೊತ್ತಾಗುವುದಿಲ್ಲ, ಒತ್ತಡ ಅಳೆಯುವ ಗೇಜ್ ಬೇಕು. 100 ಪಿಎಸ್‌ಐಗಿಂತ ತುಂಬ ಕೆಳಗಿದ್ದರೆ ಸ್ಟಾರ್ಟ್ ಮಾಡುವುದೇ ಕಷ್ಟ.

ಸ್ಪಾರ್ಕ್ ನೋಡುವಾಗ ಪೆಟ್ರೋಲ್ ಕ್ಯಾನ್ ದೂರ ಇಡಿ. ಪ್ಲಗ್ ಬಿಚ್ಚಿ, ಕ್ಯಾಪ್‌ಗೆ ಸಿಕ್ಕಿಸಿ, ಲೋಹದ ಭಾಗ ಸಿಲಿಂಡರ್‌ಗೆ ತಾಗುವಂತೆ ಹಿಡಿದು ಹಗ್ಗ ಎಳೆಯಿರಿ. ಪ್ಲಗ್ ತೂತಿನಿಂದ ಸ್ವಲ್ಪ ದೂರವೇ ಇರಲಿ. ನೀಲಿ ಕಿಡಿ ಬಂದರೆ ಸರಿ. ಬರಲಿಲ್ಲ ಅಂತ ತಕ್ಷಣ ಪ್ಲಗ್‌ಗೆ ಕರೆಂಟ್ ಕೊಡುವ ಕಾಯಿಲ್ ತರಬೇಡಿ. ಮೊದಲು ಹೊಸ ಪ್ಲಗ್ ಹಾಕಿ ನೋಡಿ. ಆಮೇಲೆ ಆಫ್ ಸ್ವಿಚ್‌ನಿಂದ ಕಾಯಿಲ್‌ಗೆ ಬರುವ ತೆಳ್ಳನೆಯ ವೈರ್ ಬಿಚ್ಚಿ ಇನ್ನೊಮ್ಮೆ ಎಳೆಯಿರಿ. ಹ್ಯಾಂಡಲ್ ಹತ್ತಿರ ಆ ವೈರ್ ಸವೆದು ಮಷಿನ್‌ನ ಲೋಹದ ಪೈಪ್‌ಗೆ ತಾಗಿದ್ದರೆ ಮಷಿನ್ ಯಾವಾಗಲೂ ಆಫ್ ಆಗಿಯೇ ಇರುತ್ತದೆ!

ಕಿಡಿ ಇದೆ, ಕಂಪ್ರೆಷನ್ ಇದೆ ಅಂದರೆ ಪ್ಲಗ್ ತೂತಿಗೆ ಆಯಿಲ್ ಬೆರೆಸಿದ ಪೆಟ್ರೋಲ್ ನಾಲ್ಕೈದು ಹನಿ ಬಿಡಿ. ಪ್ಲಗ್ ಬಿಗಿ ಮಾಡಿ, ಕ್ಯಾಪ್ ಹಾಕಿ ಎಳೆಯಿರಿ. ಒಂದೆರಡು ಸೆಕೆಂಡ್ ಓಡಿ ನಿಂತುಹೋಯಿತಾ? ಖುಷಿಪಡಿ, ಎಂಜಿನ್ ಚೆನ್ನಾಗಿದೆ. ಪೆಟ್ರೋಲ್ ಬರುತ್ತಿಲ್ಲ, ಅಷ್ಟೇ. ಇದನ್ನು ಅಂಗಡಿಗೆ ಕೊಡಲೇಬೇಡಿ, ಮನೆಯಲ್ಲೇ ಆಗುವ ಕೆಲಸ. ಟ್ಯಾಂಕ್ ಒಳಗಿನ ಫಿಲ್ಟರನ್ನು ತಂತಿ ಕೊಕ್ಕೆಯಿಂದ ಎಳೆದು ನೋಡಿ, ಪೆಟ್ರೋಲ್ ಪೈಪ್ ಬಗ್ಗಿಸಿದರೆ ಬಿರುಕು ಬಿಡುತ್ತದಾ ನೋಡಿ, ಪೆಟ್ರೋಲ್ ಎಳೆಯಲು ಒತ್ತುವ ರಬ್ಬರ್ ಗುಂಡು ಒಡೆದಿದೆಯಾ ನೋಡಿ. ಕೊನೆಗೆ ಕಾರ್ಬೋರೇಟರ್‌ನ ಡಯಾಫ್ರಮ್, ಅಂದರೆ ಪೆಟ್ರೋಲ್ ಪಂಪ್ ಮಾಡುವ ತೆಳು ಪೊರೆ. ಅದು ಮೆತ್ತಗೆ ಬಗ್ಗಬೇಕು. ಕಾಗದದಂತೆ ಗರಿಗರಿ ಅಂದರೆ ಅದು ಪಂಪ್ ಮಾಡುವುದೇ ಇಲ್ಲ.

ನಮ್ಮ ಕಡೆ ಇದು ಜಾಸ್ತಿ ಆಗುವುದಕ್ಕೆ ಕಾರಣ ಇದೆ. ಕಾಫಿ ಕೊಯ್ಲಿಗೆ ಮುಂಚೆ ಕಳೆ ಹೊಡೆಸಿ, ಟ್ಯಾಂಕ್‌ನಲ್ಲಿ ಪೆಟ್ರೋಲ್ ಬಿಟ್ಟು ಮೂಲೆಗಿಟ್ಟರೆ ಮತ್ತೆ ಎತ್ತುವುದು ಮಳೆ ಹಿಡಿದ ಮೇಲೆ. ಈಗಿನ ಇ20 ಪೆಟ್ರೋಲ್‌ನಲ್ಲಿ ಎಥನಾಲ್ ಇದೆ, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ, ಹಳೆ ರಬ್ಬರನ್ನೂ ಹಾಳು ಮಾಡುತ್ತದೆ. ಹಾಗಾಗಿ ಹಳೆ ಪೆಟ್ರೋಲ್ ಪೂರ್ತಿ ಚೆಲ್ಲಿ ಹೊಸದು ಬೆರೆಸಿ, ಆಮೇಲೆ ಪರೀಕ್ಷೆ ಮಾಡಿ. ಟ್ಯಾಂಕ್ ಮುಚ್ಚಳದ ಮೇಲೆ 1:50 ಅಂತ ಇದ್ದರೆ ಲೀಟರ್ ಪೆಟ್ರೋಲ್‌ಗೆ 20 ಎಂಎಲ್ ಆಯಿಲ್, 1:25 ಅಂತ ಇದ್ದರೆ 40 ಎಂಎಲ್. ಅಂದಾಜಿಗೆ ಸುರಿಯಬೇಡಿ.

ಇದನ್ನೆಲ್ಲ ಮಾಡುವುದಕ್ಕೆ ಒಳ್ಳೆಯ ಕಾಲ ಕೊಯ್ಲು ಮುಗಿದು ಮಳೆ ಶುರುವಾಗುವ ನಡುವಿನ ದಿನಗಳು. ಜೂನ್‌ನಲ್ಲಿ ಕಳೆ ಮೊಣಕಾಲೆತ್ತರ ಬಂದು, ಆಳು ಗೇಟಿನ ಹತ್ತಿರ ಕಾಯುತ್ತಿರುವಾಗ ಕಲಿಯೋಕೆ ಕೂರಬೇಡಿ. ಆಗ ಸಣ್ಣ ತೊಂದರೆ ಆದರೂ ಅಂಗಡಿಗೆ ಕೊಡುವುದೇ ವಾಸಿ. ಆದರೆ ಪಿಸ್ಟನ್ ಹೇಗಿತ್ತು, ಕಿಡಿ ಬಂತಾ, ಹನಿ ಹಾಕಿದಾಗ ಓಡಿತಾ ಅಂತ ಮೆಕ್ಯಾನಿಕ್‌ಗೆ ಹೇಳಿ ಕೊಡಿ. ಡಯಾಫ್ರಮ್ ಮಾತ್ರ ತರುವುದಿದ್ದರೆ ಹಳೆಯದನ್ನು ಜೇಬಲ್ಲಿ ಹಾಕಿಕೊಂಡು ಹೋಗಿ. ನೋಡೋಕೆ ಒಂದೇ ಥರ ಇದ್ದರೂ ತೂತುಗಳ ಜಾಗ ಬೇರೆ ಬೇರೆ ಇರುತ್ತದೆ, ಕೌಂಟರ್ ಮೇಲೆ ಒಂದರ ಮೇಲೊಂದು ಇಟ್ಟು ನೋಡಿಯೇ ತನ್ನಿ.