ಬಸುರಿಯರಿಗೆ ಫ್ಲೂ ಲಸಿಕೆ: ಯಾವುದು, ಯಾವಾಗ, ಹೇಗೆ

ಹುಟ್ಟಿದ ಮಗುವಿಗೆ ಆರು ತಿಂಗಳು ತುಂಬುವವರೆಗೆ ಫ್ಲೂ ಲಸಿಕೆ ಹಾಕುವಂತಿಲ್ಲ. ಆ ಜ್ವರ ಕೂಸನ್ನು ಆಸ್ಪತ್ರೆಗೆ ಸೇರಿಸುವಷ್ಟು ಬಾಧಿಸುವ ಅಪಾಯ ಹೆಚ್ಚಿರುವುದೂ ಅದೇ ತಿಂಗಳುಗಳಲ್ಲಿ. ತಾಯಿ ಬಸುರಿಯಾಗಿರುವಾಗಲೇ ಲಸಿಕೆ ಹಾಕಿಸಿಕೊಂಡರೆ ಅವಳ ರಕ್ತದಲ್ಲಿ ಮೂಡುವ ಪ್ರತಿಕಾಯಗಳು ಮಾಸನ್ನು ದಾಟಿ ಮಗುವಿಗೆ ಸೇರುತ್ತವೆ, ಮತ್ತು ಹುಟ್ಟಿದ ಮೇಲೆ ಕೆಲವು ತಿಂಗಳು ಅದನ್ನು ಕಾಯುತ್ತವೆ. ತಾಯಿಗೂ ಇದರ ಅಗತ್ಯ ಕಡಿಮೆಯೇನಲ್ಲ: ಹೊಟ್ಟೆ ಬೆಳೆದಂತೆ ಶ್ವಾಸಕೋಶಕ್ಕೆ ಜಾಗ ಕಿರಿದಾಗುತ್ತದೆ, ಹೃದಯದ ಕೆಲಸ ಹೆಚ್ಚುತ್ತದೆ. 2009ರ ಎಚ್1ಎನ್1 (ಹಂದಿಜ್ವರ) ಹಾವಳಿಯಲ್ಲಿ ಅಮೆರಿಕದ ಜನಸಂಖ್ಯೆಯಲ್ಲಿ ಸುಮಾರು ಶೇ. 1ರಷ್ಟಿದ್ದ ಗರ್ಭಿಣಿಯರು ಆ ರೋಗದಿಂದ ಸತ್ತವರಲ್ಲಿ ಸುಮಾರು ಶೇ. 5ರಷ್ಟಿದ್ದರು.

ಮೊದಲು ತಿಳಿಯಬೇಕಾದದ್ದು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎಲ್ಲ ಬಸುರಿಯರಿಗೂ ಹಾಕುವ ಟಿಡಿ ಚುಚ್ಚುಮದ್ದು ಧನುರ್ವಾಯು ಮತ್ತು ಗಂಟಲಮಾರಿಗೆ ಸಂಬಂಧಿಸಿದ್ದೇ ಹೊರತು ಫ್ಲೂಗೆ ಅಲ್ಲ. "ಇಂಜೆಕ್ಷನ್ ಆಗಿದೆಯಲ್ಲ" ಎಂದು ಸುಮ್ಮನಾಗುವವರು ಬಹಳ ಮಂದಿ. ಫ್ಲೂ ಲಸಿಕೆಯನ್ನು ವೈದ್ಯರಲ್ಲಿ ಬೇರೆಯಾಗಿಯೇ ಕೇಳಬೇಕಾಗುತ್ತದೆ, ಹೆಚ್ಚಿನ ಕಡೆ ಹಣ ಕೊಟ್ಟೇ ಹಾಕಿಸಿಕೊಳ್ಳಬೇಕಾಗುತ್ತದೆ.

ಬಸುರಿಯರಿಗೆ ಹಾಕಬೇಕಾದದ್ದು ನಿಷ್ಕ್ರಿಯಗೊಳಿಸಿದ ವೈರಸ್ಸಿನ ಲಸಿಕೆ. ಅದರಲ್ಲಿ ಜೀವಂತ ವೈರಸ್ ಇಲ್ಲದ ಕಾರಣ ಅದರಿಂದ ಫ್ಲೂ ಬರಲಾರದು. ಮೂಗಿಗೆ ಸಿಂಪಡಿಸುವ ಲಸಿಕೆಯಲ್ಲಿ ದುರ್ಬಲಗೊಳಿಸಿದ ಜೀವಂತ ವೈರಸ್ ಇರುವುದರಿಂದ ಅದು ಗರ್ಭಿಣಿಯರಿಗೆ ಸಲ್ಲದು. ಚುಚ್ಚುವ ಮೊದಲು ಪೆಟ್ಟಿಗೆಯನ್ನು ತೋರಿಸಲು ಕೇಳಿ, ಅವಧಿ ಮುಗಿಯುವ ದಿನಾಂಕವನ್ನೂ ಯಾವ ಸಾಲಿನ ಲಸಿಕೆಯೆಂಬುದನ್ನೂ ಓದಿಕೊಳ್ಳಿ. ವೈರಸ್ ರೂಪ ಬದಲಿಸುತ್ತಲೇ ಇರುವುದರಿಂದ ವಿಶ್ವ ಆರೋಗ್ಯ ಸಂಸ್ಥೆ ಲಸಿಕೆಯಲ್ಲಿ ಇರಬೇಕಾದ ವೈರಸ್ ತಳಿಗಳನ್ನು ವರ್ಷಕ್ಕೆ ಎರಡು ಬಾರಿ ಸೂಚಿಸುತ್ತದೆ. ಹಾಗಾಗಿ ಹಿಂದಿನ ಬಸುರಿನಲ್ಲಿ ಹಾಕಿಸಿಕೊಂಡದ್ದು ಈ ಬಸುರಿಗೆ ಸಾಲದು.

ಯಾವ ತಿಂಗಳಲ್ಲಾದರೂ ಹಾಕಬಹುದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು; ನಮ್ಮ ದೇಶದ ಪ್ರಸೂತಿ ತಜ್ಞರ ಒಕ್ಕೂಟವಾದ ಫಾಗ್ಸಿ 26ನೇ ವಾರದಿಂದ ಹಾಕಲು ಸಲಹೆ ನೀಡುತ್ತದೆ, ಸಾಂಕ್ರಾಮಿಕ ಹಬ್ಬಿದ್ದರೆ ಅದಕ್ಕೂ ಮೊದಲೇ. ಭಾರತದಲ್ಲಿ ಫ್ಲೂ ಸಾಮಾನ್ಯವಾಗಿ ಮಳೆಗಾಲದಲ್ಲೊಮ್ಮೆ, ಜನವರಿಯಿಂದ ಮಾರ್ಚಿನ ನಡುವೆ ಇನ್ನೊಮ್ಮೆ ಏರುತ್ತದೆ, ಮತ್ತು ಲಸಿಕೆ ಫಲ ಕೊಡಲು ಸುಮಾರು ಎರಡು ವಾರ ಬೇಕು. ಆದ್ದರಿಂದ ಊರಿನಲ್ಲಿ ಆಗಲೇ ಜ್ವರ ಹರಡಿದ್ದರೆ ವಾರ ಎಣಿಸುತ್ತ ಕೂರದೆ ವೈದ್ಯರನ್ನು ಕೇಳುವುದೇ ಸರಿಯೆಂದು ನನಗೆ ಅನಿಸುತ್ತದೆ. ಹೆರಿಗೆಗೆ ತವರಿಗೆ ಹೋಗುವವರು ಹೊರಡುವ ಎರಡು ವಾರ ಮೊದಲೇ ಹಾಕಿಸಿಕೊಂಡು, ಲಸಿಕೆಯ ಹೆಸರು ಮತ್ತು ದಿನಾಂಕವನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಂಡರೆ, ಅಲ್ಲಿನ ವೈದ್ಯರಿಗೆ ಮತ್ತೆ ವಿವರಿಸುವ ಕಷ್ಟ ಇರುವುದಿಲ್ಲ.

ಇದು ಎಷ್ಟು ಕೆಲಸ ಮಾಡುತ್ತದೆ? ಬಾಂಗ್ಲಾದೇಶದಲ್ಲಿ 340 ಬಸುರಿಯರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅರ್ಧದಷ್ಟು ಮಂದಿಗೆ ಫ್ಲೂ ಲಸಿಕೆಯನ್ನೂ ಉಳಿದವರಿಗೆ ನ್ಯುಮೋನಿಯಾ ತಡೆಯುವ ಬೇರೊಂದು ಲಸಿಕೆಯನ್ನೂ ಹಾಕಲಾಯಿತು. ಆರು ತಿಂಗಳೊಳಗೆ ಪರೀಕ್ಷೆಯಲ್ಲಿ ಫ್ಲೂ ದೃಢಪಟ್ಟ ಕೂಸುಗಳು ಮೊದಲ ಗುಂಪಿನಲ್ಲಿ 6, ಎರಡನೆಯದರಲ್ಲಿ 16. ಮುಂದೆ ನೇಪಾಳದಲ್ಲಿ ನಡೆದ ಪ್ರಯೋಗದಲ್ಲಿ ಕೂಸುಗಳಿಗೆ ಸಿಕ್ಕ ರಕ್ಷಣೆ ಶೇ. 30ರಷ್ಟೇ ಇತ್ತು. ರಕ್ಷಣೆ ಪೂರ್ತಿಯಲ್ಲ, ಜಾಗ ಮತ್ತು ವರ್ಷಕ್ಕೆ ತಕ್ಕಂತೆ ಏರಿಳಿಯುತ್ತದೆ. ಆದರೂ ಹಾಲುಗೂಸಿಗೆ ಬೇರೆ ದಾರಿಯೇ ಇಲ್ಲದಿರುವಾಗ ಅಷ್ಟೂ ದೊಡ್ಡದೇ.

ಗರ್ಭಪಾತದ ಭಯ ಹಲವು ಮನೆಗಳಲ್ಲಿದೆ, ಅದನ್ನು ತಳ್ಳಿಹಾಕದೆ ಉತ್ತರಿಸಬೇಕು. 2017ರಲ್ಲಿ ಅಮೆರಿಕದ ಒಂದು ಅಧ್ಯಯನ, ಸತತ ಎರಡು ವರ್ಷ ಎಚ್1ಎನ್1 ಅಂಶವಿರುವ ಲಸಿಕೆ ಪಡೆದವರಲ್ಲಿ ಗರ್ಭಪಾತದೊಂದಿಗೆ ನಂಟು ಕಂಡಿತೆಂದು ವರದಿ ಮಾಡಿತ್ತು. ಅದೇ ಸಂಶೋಧಕರ ತಂಡ ಮುಂದಿನ ವರ್ಷಗಳ ಇನ್ನೂ ಹೆಚ್ಚು ಮಹಿಳೆಯರ ಮಾಹಿತಿ ಪರಿಶೀಲಿಸಿದಾಗ ಅಂಥ ನಂಟು ಕಾಣಲಿಲ್ಲ. ಲಕ್ಷಾಂತರ ಗರ್ಭಿಣಿಯರು ಈ ಲಸಿಕೆ ಪಡೆದ ಅನುಭವವೂ ಸುರಕ್ಷತೆಯ ಕಡೆಗೇ ಇದೆ. ಅತ್ತೆಯೋ ಅಮ್ಮನೋ ಹಿಂಜರಿದರೆ ಅವರನ್ನೂ ತಪಾಸಣೆಗೆ ಜೊತೆಗೆ ಕರೆದೊಯ್ದು, ವೈದ್ಯರ ಬಾಯಿಂದಲೇ ಕೇಳಿಸುವುದು ಒಳ್ಳೆಯದು.

ಹಿಂದೆ ಫ್ಲೂ ಲಸಿಕೆಯಿಂದ ತೀವ್ರ ಅಲರ್ಜಿಯಾಗಿದ್ದರೆ, ಅಥವಾ ಲಸಿಕೆಯ ಆರು ವಾರದೊಳಗೆ ಗಿಲನ್-ಬಾರೆ ಎಂಬ ನರದ ತೊಂದರೆ ಬಂದಿದ್ದರೆ ತಪ್ಪದೆ ಮೊದಲೇ ಹೇಳಿ. ಜೋರು ಜ್ವರವಿದ್ದ ದಿನ ಮುಂದೂಡಿ. ರಟ್ಟೆಗೆ ಚುಚ್ಚಿದ ಮೇಲೆ ಅರ್ಧ ಗಂಟೆ ಅಲ್ಲೇ ಕುಳಿತಿರಿ. ರಟ್ಟೆ ನೋವು, ಮೈಕೈ ನೋವು, ಸಣ್ಣ ಜ್ವರ ಒಂದೆರಡು ದಿನ ಇರಬಹುದು. ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಹುದು.

ಬಸುರಿನಲ್ಲಿ ತಪ್ಪಿಹೋದರೆ ಬಾಣಂತನದಲ್ಲಿ, ಎದೆಹಾಲು ಕುಡಿಸುತ್ತಿರುವಾಗಲೂ ಹಾಕಿಸಿಕೊಳ್ಳಬಹುದು. ಕೂಸನ್ನು ಎತ್ತಿಕೊಳ್ಳುವ ಮನೆಯವರೂ ಹಾಕಿಸಿಕೊಂಡರೆ ಇನ್ನೂ ಒಳಿತು. ಲಸಿಕೆಯಾದ ಬಳಿಕವೂ ಜ್ವರ, ಕೆಮ್ಮು, ಉಬ್ಬಸ ಬಂದರೆ ಕಷಾಯ ಕುಡಿದು ಕಾಯಬೇಡಿ: ಫ್ಲೂ ವೈರಸ್ಸನ್ನು ತಡೆಯುವ ಒಸೆಲ್ಟಾಮಿವಿರ್ ಮಾತ್ರೆ ಮೊದಲ 48 ಗಂಟೆಯೊಳಗೆ ಶುರುವಾದರೆ ಹೆಚ್ಚು ಫಲಕಾರಿ, ಗರ್ಭಿಣಿಯರಿಗೂ ಅದನ್ನು ಕೊಡುತ್ತಾರೆ. ಉಸಿರಾಟ ಕಷ್ಟವಾದರೆ ಅಥವಾ ಮಗುವಿನ ಮಿಸುಕಾಟ ಕಡಿಮೆಯೆನಿಸಿದರೆ ಬೆಳಗಾಗಲೆಂದು ಕಾಯದೆ ಕೂಡಲೇ ಆಸ್ಪತ್ರೆಗೆ ಹೊರಡಿ.