ಮಿಸರಿ ಜೇನಿನ ಬಾಗಿಲಲ್ಲಿ ಆಕ್ಷನ್ ಕ್ಯಾಮೆರಾ: ಕ್ಲೋಸಪ್ ಫಿಲ್ಟರುಗಳೊಂದಿಗೆ ನನ್ನ ಅನುಭವ

ಶಿರಸಿ ಸೀಮೆಯ ನಮ್ಮ ಹಳೆಯ ಮನೆಯ ಮಣ್ಣಿನ ಗೋಡೆಯಲ್ಲಿ, ಜಗಲಿಯ ಕಿಟಕಿಯಿಂದ ಒಂದು ಮೊಳ ದೂರದಲ್ಲಿ, ಮಿಸರಿ ಜೇನಿನ ಗೂಡೊಂದು ಬಹಳ ವರ್ಷಗಳಿಂದ ಇದೆ. ಕರಾವಳಿಯವರು ಮುಜಂಟಿ ಎನ್ನುವುದು ಇದನ್ನೇ. ಈ ಜೇನು ಚುಚ್ಚುವುದಿಲ್ಲ. ನೊಣದ ಉದ್ದ ಹೆಚ್ಚೆಂದರೆ ನಾಲ್ಕು ಮಿಲಿಮೀಟರ್. ಗೋಡೆಯಿಂದ ಹೊರಚಾಚಿದ ಅಂಟಿನ ಕೊಳವೆಯೇ ಗೂಡಿನ ಬಾಗಿಲು. ಅದರ ಅಂಚಿನಲ್ಲಿ ಕಾವಲಿನ ನೊಣಗಳು ಸಾಲಾಗಿ ಕುಳಿತು ಒಳಗೆ ಹೋಗುವವರನ್ನೂ ಹೊರಗೆ ಬರುವವರನ್ನೂ ಗಮನಿಸುತ್ತಿರುತ್ತವೆ. ಈ ಕಾವಲನ್ನು ಚಿತ್ರೀಕರಿಸಬೇಕೆಂಬುದು ನನ್ನ ಆಸೆಯಾಗಿತ್ತು. ನನ್ನ ಬಳಿ ಸಣ್ಣ ವಸ್ತುಗಳನ್ನು ತೀರ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸ್ ಇರುವ ದೊಡ್ಡ ಕ್ಯಾಮೆರಾ ಇರಲಿಲ್ಲ, ಇದ್ದದ್ದು ಗೋಪ್ರೋ ಹೀರೋ 7 ಬ್ಲ್ಯಾಕ್ ಎಂಬ ಆಕ್ಷನ್ ಕ್ಯಾಮೆರಾ ಮಾತ್ರ. ಅದನ್ನೇ ಈ ಕೆಲಸಕ್ಕೆ ಒಗ್ಗಿಸಿಕೊಳ್ಳಲು ಮಾಡಿದ ಪ್ರಯತ್ನಗಳನ್ನು, ತಪ್ಪುಗಳನ್ನೂ ಸೇರಿಸಿ, ಇಲ್ಲಿ ಬರೆದಿದ್ದೇನೆ.

ಮೊದಲ ದಿನ ಕ್ಯಾಮೆರಾವನ್ನು ಕೊಳವೆಯಿಂದ ನಾಲ್ಕು ಬೆರಳು ದೂರಕ್ಕೆ ಒಯ್ದು ರೆಕಾರ್ಡ್ ಮಾಡಿದೆ. ಹಿಂಬದಿಯ ಪುಟ್ಟ ಪರದೆಯಲ್ಲಿ ಎಲ್ಲವೂ ಚೆನ್ನಾಗಿಯೇ ಕಂಡಿತು. ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ ಹಿಂದಿನ ಕಿಟಕಿಯ ಸರಳುಗಳು ಸ್ಪಷ್ಟವಾಗಿದ್ದವು, ಕೊಳವೆ ಮಾತ್ರ ಮಂಜಿನಲ್ಲಿ ಮುಳುಗಿದಂತಿತ್ತು. ಇಂತಹ ಕ್ಯಾಮೆರಾಗಳಲ್ಲಿ ಫೋಕಸ್ ಬದಲಿಸುವ ವ್ಯವಸ್ಥೆಯೇ ಇಲ್ಲ. ಸುಮಾರು 3 ಮಿ.ಮೀ. ಫೋಕಲ್ ಲೆಂತಿನ ಪುಟ್ಟ ಲೆನ್ಸನ್ನು ಕಾರ್ಖಾನೆಯಲ್ಲೇ ಒಂದು ಜಾಗದಲ್ಲಿ ಭದ್ರವಾಗಿ ಕೂರಿಸಿರುತ್ತಾರೆ, f/2.8 ಅಪರ್ಚರ್ (ಬೆಳಕು ಒಳಬರುವ ಕಿಂಡಿಯ ಅಳತೆ) ಕೂಡ ಸ್ಥಿರ. ಲೆನ್ಸ್ ಅಷ್ಟು ಚಿಕ್ಕದಾಗಿರುವುದರಿಂದಲೇ ದೂರದ ಗುಡ್ಡದಿಂದ ಎದುರಿನ ಸೈಕಲ್ ಹ್ಯಾಂಡಲಿನವರೆಗೆ ಎಲ್ಲವೂ ಒಟ್ಟಿಗೆ ಸ್ಪಷ್ಟವಾಗಿ ಕಾಣುತ್ತದೆ. ನನ್ನ ಕ್ಯಾಮೆರಾದಲ್ಲಿ ಈ ಸ್ಪಷ್ಟತೆ ಸುಮಾರು 40 ಸೆಂ.ಮೀ. ಹತ್ತಿರದವರೆಗೆ ತೃಪ್ತಿಕರವಾಗಿದೆ, ಅದಕ್ಕಿಂತ ಒಳಗೆ ಬಂದಂತೆ ಕೆಡುತ್ತಾ ಹೋಗುತ್ತದೆ.

ಇಲ್ಲಿ ಕೆಲಸಕ್ಕೆ ಬರುವುದು ಕ್ಲೋಸಪ್ ಫಿಲ್ಟರ್. ಹೆಸರು ಫಿಲ್ಟರ್ ಎಂದಿದ್ದರೂ ಅದು ಏನನ್ನೂ ಸೋಸುವುದಿಲ್ಲ. ವಯಸ್ಸಾದವರ ಓದುವ ಕನ್ನಡಕದ ಗಾಜಿನಂತೆಯೇ ಅದೊಂದು ಉಬ್ಬು ಮಸೂರ, ಅದರ ಶಕ್ತಿಯನ್ನೂ ಕನ್ನಡಕದಂತೆ ಡಯಾಪ್ಟರಿನಲ್ಲೇ ಅಳೆಯುತ್ತಾರೆ. ಲೆಕ್ಕ ಸುಲಭ: ನೂರನ್ನು ಡಯಾಪ್ಟರಿನಿಂದ ಭಾಗಿಸಿದರೆ ಸೆಂಟಿಮೀಟರಿನಲ್ಲಿ ದೂರ ಸಿಗುತ್ತದೆ. +10 ಫಿಲ್ಟರ್ ಹಾಕಿದರೆ, ಮೊದಲು ಅನಂತ ದೂರದಲ್ಲಿ ಸ್ಪಷ್ಟವಾಗಿದ್ದದ್ದು ಈಗ 10 ಸೆಂ.ಮೀ. ದೂರದಲ್ಲಿ ಸ್ಪಷ್ಟವಾಗುತ್ತದೆ. ಕ್ಯಾಮೆರಾದ ಸ್ವಂತ ಹತ್ತಿರದ ಮಿತಿಯಾದ 40 ಸೆಂ.ಮೀ. ಎಂದರೆ 2.5 ಡಯಾಪ್ಟರ್, ಅದನ್ನು ಹತ್ತಕ್ಕೆ ಕೂಡಿಸಿದರೆ 12.5, ಅಂದರೆ 8 ಸೆಂ.ಮೀ. ಹೀಗೆ, ನಲವತ್ತು ಸೆಂಟಿಮೀಟರಿನಿಂದ ದಿಗಂತದವರೆಗೆ ಹರಡಿದ್ದ ಸ್ಪಷ್ಟತೆಯೆಲ್ಲ ಎರಡು ಸೆಂಟಿಮೀಟರಿನ ಒಂದು ಪಟ್ಟಿಯೊಳಗೆ ಬಂದು ಕೂರುತ್ತದೆ. +4ರಲ್ಲಿ ಆ ಪಟ್ಟಿ ಸುಮಾರು 15ರಿಂದ 25 ಸೆಂ.ಮೀ. ನಡುವೆ ಇರುತ್ತದೆ. +1 ಮತ್ತು +2 ಇಂತಹ ಕ್ಯಾಮೆರಾಕ್ಕೆ ಹೆಚ್ಚು ಪ್ರಯೋಜನಕ್ಕೆ ಬರುವುದಿಲ್ಲ.

ನಾನು ಕೊಂಡದ್ದು 58 ಮಿ.ಮೀ. ಅಳತೆಯ +1, +2, +4, +10 ಎಂಬ ನಾಲ್ಕು ಗಾಜುಗಳ ಸಾಮಾನ್ಯ ಸೆಟ್ ಮತ್ತು ಅದನ್ನು ಕೂರಿಸಲು ಒಂದು ಅಡಾಪ್ಟರ್ ಬಳೆ. ಅಡಾಪ್ಟರುಗಳಲ್ಲಿ ಎರಡು ಬಗೆಗಳಿವೆ. ಒಂದು ಕ್ಯಾಮೆರಾದ ಮೈಗೆ ಹೊರಗಿನಿಂದ ಕಚ್ಚಿಕೊಳ್ಳುತ್ತದೆ. ಇನ್ನೊಂದು, ಲೆನ್ಸಿನ ಮುಂದಿನ ಗಾಜಿನ ಮುಚ್ಚಳವನ್ನು ತಿರುಗಿಸಿ ತೆಗೆದು ಅದರ ಜಾಗದಲ್ಲಿ ಕೂರುವಂಥದ್ದು. ಹೀರೋ 5, 6, 7 ಬ್ಲ್ಯಾಕ್ ಮಾದರಿಗಳಲ್ಲಿ ಈ ಮುಚ್ಚಳ ಬಿಚ್ಚಲು ಬರುತ್ತದೆ. ಎರಡನೆಯದರಲ್ಲಿ ಫಿಲ್ಟರ್ ಲೆನ್ಸಿಗೆ ಹೆಚ್ಚು ಹತ್ತಿರವಿರುವುದರಿಂದ ಫ್ರೇಮಿನ ಮೂಲೆಗಳು ಕಪ್ಪಾಗುವುದು ಕಡಿಮೆ, ಆದರೆ ಮುಚ್ಚಳ ತೆಗೆದ ಕ್ಷಣದಿಂದ ಕ್ಯಾಮೆರಾ ನೀರನ್ನು ತಡೆಯುವುದಿಲ್ಲ. ನಮ್ಮ ಕಡೆಯ ಮಳೆಗಾಲದಲ್ಲಿ ಇದು ಸಣ್ಣ ಮಾತಲ್ಲ. ಹಾಗಾಗಿ ನಾನು ಹೊರಗಿನಿಂದ ಕಚ್ಚುವ ಬಗೆಯನ್ನೇ ಆರಿಸಿಕೊಂಡೆ.

ಫಿಲ್ಟರ್ ಇಲ್ಲದೆಯೂ ಒಂದು ದಾರಿ ಇದೆಯೆಂಬುದು ನನಗೆ ತಿಳಿದಿತ್ತು. ಹಳೆಯ ಮಾದರಿಗಳಲ್ಲಿ ಲೆನ್ಸ್ ಒಂದು ಸುತ್ತಿಗೆ ಅರ್ಧ ಮಿಲಿಮೀಟರ್ ಸರಿಯುವ ಸಣ್ಣ ತಿರುಪಿನ ಮೇಲೆ ಕೂತಿರುತ್ತದೆ. ಅಂಟನ್ನು ಬಿಡಿಸಿ ಲೆನ್ಸನ್ನು ತುಸು ಹೊರಕ್ಕೆ ತಿರುಗಿಸಿದರೆ ಹತ್ತಿರದ್ದು ಸ್ಪಷ್ಟವಾಗುತ್ತದೆ. +10 ಫಿಲ್ಟರಿನ ಪರಿಣಾಮ ಪಡೆಯಲು ಲೆನ್ಸ್ ಹೊರಬರಬೇಕಾದದ್ದು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ, ಎಂದರೆ ಒಂದು ಸುತ್ತಿನ ಐದನೇ ಒಂದು ಭಾಗಕ್ಕೂ ಮುಟ್ಟದ ತಿರುಗು. ಲೆಕ್ಕ ಆಕರ್ಷಕವಾಗಿದೆ. ಆದರೆ ಹಾಗೆ ಮಾಡಿದ ಮೇಲೆ ಕ್ಯಾಮೆರಾ ಬೇರೆ ಯಾವ ಕೆಲಸಕ್ಕೂ ಬರುವುದಿಲ್ಲ, ಆದ್ದರಿಂದ ಇದ್ದೊಂದು ಕ್ಯಾಮೆರಾಕ್ಕೆ ಇಕ್ಕಳ ಹಚ್ಚುವ ಧೈರ್ಯ ನನಗೆ ಬರಲಿಲ್ಲ. 2024ರಲ್ಲಿ ಬಂದ ಹೀರೋ 13 ಮಾದರಿಗೆ ಕಂಪನಿಯೇ 11 ಸೆಂ.ಮೀ. ಹತ್ತಿರದವರೆಗೆ ಫೋಕಸ್ ಬದಲಿಸಬಹುದಾದ ಮ್ಯಾಕ್ರೋ ಲೆನ್ಸನ್ನು ಕೊಡುತ್ತಿದೆ. ಹೊಸದಾಗಿ ಕೊಳ್ಳುವವರು ಅದನ್ನು ಯೋಚಿಸಬಹುದು.

ಪುಟ್ಟ ಪರದೆಯನ್ನು ನಂಬಬಾರದೆಂದು ಮೊದಲ ದಿನವೇ ಕಲಿತಿದ್ದರಿಂದ, ಸ್ಪಷ್ಟತೆಯ ಪಟ್ಟಿ ನಿಜವಾಗಿ ಎಲ್ಲಿದೆಯೆಂದು ಅಳೆದ ಮೇಲೆಯೇ ಗೋಡೆಯ ಬಳಿ ಹೋಗಲು ನಿಶ್ಚಯಿಸಿದೆ. ಮೇಜಿನ ಮೇಲೆ ಕ್ಯಾಮೆರಾವನ್ನು ಕೂರಿಸಿ, ಫಿಲ್ಟರಿನ ಅಂಚಿನಿಂದ ಶುರುವಾಗಿ ದೂರ ಹೋಗುವಂತೆ ಒಂದು ಸ್ಕೇಲನ್ನು ಓರೆಯಾಗಿ ಇಟ್ಟು, ಪಕ್ಕದಲ್ಲಿ ಪಂಚಾಂಗದ ಸಣ್ಣ ಅಕ್ಷರದ ಹಾಳೆಯೊಂದನ್ನು ಹಾಸಿ, ಪ್ರತಿ ಫಿಲ್ಟರಿಗೂ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿದೆ. ಪಂಚಾಂಗವನ್ನು ಆರಿಸಿದ್ದಕ್ಕೆ ಕಾರಣ ಭಕ್ತಿಯಲ್ಲ. ನಮ್ಮ ಮನೆಯಲ್ಲಿ ಅದಕ್ಕಿಂತ ಸಣ್ಣ ಅಕ್ಷರದ ಮುದ್ರಣ ಬೇರೆ ಇರಲಿಲ್ಲ. ದೊಡ್ಡ ಪರದೆಯಲ್ಲಿ ನೋಡಿದಾಗ, ಯಾವ ಸೆಂಟಿಮೀಟರಿನಿಂದ ಯಾವುದರವರೆಗೆ ಒತ್ತಕ್ಷರಗಳು ಓದಲು ಬರುತ್ತವೆ ಎಂಬುದು ಸಂಶಯವಿಲ್ಲದೆ ತಿಳಿಯಿತು. +10ಕ್ಕೆ ಸಿಕ್ಕಿದ್ದು ಎಂಟರಿಂದ ಹತ್ತರವರೆಗಿನ ಪಟ್ಟಿ, ಲೆಕ್ಕದಲ್ಲಿ ಬಂದಷ್ಟೇ. ಬಳಿಕ ಒಂದು ಹಿಡಿಕಡ್ಡಿಯನ್ನು ಸರಿಯಾಗಿ 9 ಸೆಂ.ಮೀ. ಉದ್ದಕ್ಕೆ ಕತ್ತರಿಸಿ ಅಡಾಪ್ಟರಿನ ಬದಿಗೆ ರಬ್ಬರ್ ಬ್ಯಾಂಡಿನಿಂದ ಕಟ್ಟಿದೆ. ಕಡ್ಡಿಯ ತುದಿ ಎಲ್ಲಿದೆಯೋ ಅಲ್ಲಿ ಫೋಕಸ್. ಚೌಕಟ್ಟು ಹೊಂದಿಸಿದ ಮೇಲೆ ಕಡ್ಡಿಯನ್ನು ಮಡಚಿ ಹಿಂದಕ್ಕೆ ಸರಿಸಿದರಾಯಿತು. ಈ ಇಡೀ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ ಹಿಡಿಕಡ್ಡಿ.

ಫೋಕಸ್ ಸಿಕ್ಕಿತು, ಆದರೆ ನೊಣ ದೊಡ್ಡದಾಗಲಿಲ್ಲ. ಕ್ಲೋಸಪ್ ಫಿಲ್ಟರ್ ಹಾಕಿದರೆ ವಸ್ತು ಭೂತಗನ್ನಡಿಯಲ್ಲಿ ಕಂಡಂತೆ ಹಿಗ್ಗುತ್ತದೆ ಎಂದು ನಾನು ಭಾವಿಸಿದ್ದೆ. ಅದು ಕೊಡುವುದು ಹತ್ತಿರ ಹೋಗುವ ಅನುಕೂಲವನ್ನು ಮಾತ್ರ. ಹಿಗ್ಗುವುದೇನಿದ್ದರೂ ಹತ್ತಿರ ಹೋದದ್ದರಿಂದ. ಅಗಲ ನೋಟದ ಈ ಲೆನ್ಸಿಗೆ 9 ಸೆಂ.ಮೀ. ದೂರದಲ್ಲೂ ಒಂದು ಗೇಣಿನ ಹತ್ತಿರದಷ್ಟು ಗೋಡೆ ಕಾಣುತ್ತದೆ. ಅದರಲ್ಲಿ ನಾಲ್ಕು ಮಿಲಿಮೀಟರಿನ ನೊಣ ಎಷ್ಟರದ್ದು! ಹಾಗಾಗಿ ಮೊದಲು ಅಗಲ ನೋಟವನ್ನು ಬಿಟ್ಟು ಲೀನಿಯರ್ ನೋಟಕ್ಕೆ ಬದಲಿಸಿದೆ. ಅದರಿಂದ ಅಂಚಿನ ಬಾಗುವಿಕೆ ಹೋಯಿತು, ಮೂಲೆಗಳ ಕಪ್ಪೂ ಹೋಯಿತು. ಬಳಿಕ ಇನ್ನೊಂದು +10 ಗಾಜನ್ನು ತಂದು ಮೊದಲಿನದರ ಮೇಲೆ ತಿರುಗಿಸಿ ಕೂರಿಸಿದೆ. ಡಯಾಪ್ಟರುಗಳು ಕೂಡಿಕೊಂಡು 20 ಆಗುತ್ತವೆ, ದೂರ 5 ಸೆಂ.ಮೀ.ಗೆ ಇಳಿಯುತ್ತದೆ, ಸ್ಪಷ್ಟತೆಯ ಪಟ್ಟಿ ಅರ್ಧ ಸೆಂಟಿಮೀಟರಿಗೆ ಕುಗ್ಗುತ್ತದೆ. ಈಗ ಕೊಳವೆಯ ಬಾಯಿ ಮತ್ತು ಕಾವಲಿನ ನೊಣಗಳ ಕಣ್ಣುಗಳು ಬೇರೆಬೇರೆಯಾಗಿ ಕಾಣುವಂತಾಯಿತು. ಇದಕ್ಕೆ ತೆತ್ತ ಬೆಲೆಯೂ ಇದೆ: ಒಂದೇ ಗಾಜಿನ ಅಗ್ಗದ ಮಸೂರಗಳು ಬಣ್ಣಗಳನ್ನು ಒಂದೇ ಬಿಂದುವಿಗೆ ತರುವುದಿಲ್ಲವಾದ್ದರಿಂದ ಫ್ರೇಮಿನ ಅಂಚಿನ ರೆಕ್ಕೆಗಳಿಗೆಲ್ಲ ನೇರಳೆ ಮತ್ತು ಹಸಿರಿನ ಗೆರೆ ಬರುತ್ತದೆ. ನಾನು ಮುಖ್ಯವಾದದ್ದನ್ನು ನಡುವಿನಲ್ಲಿಟ್ಟು, ಸಂಪಾದನೆಯ ಹೊತ್ತಿನಲ್ಲಿ ಅಂಚನ್ನು ಕತ್ತರಿಸಿಬಿಡುತ್ತೇನೆ. ಹಣ ಹಾಕಬಲ್ಲವರು ರೇನಾಕ್ಸ್ ಡಿಸಿಆರ್ 250ರಂತಹ, ಒಂದಕ್ಕಿಂತ ಹೆಚ್ಚು ಗಾಜುಗಳನ್ನು ಸೇರಿಸಿ ಮಾಡಿದ +8 ಮಸೂರವನ್ನು ಕೊಳ್ಳುವುದು ಒಳ್ಳೆಯದು.

ಅರ್ಧ ಸೆಂಟಿಮೀಟರಿನ ಪಟ್ಟಿಯೊಳಗೆ ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ನಿಲ್ಲಿಸುವುದು ಆಗದ ಮಾತು. ಅಡಿಕೆ ದಬ್ಬೆಯಿಂದ ಒಂದು ಕಾಲು ಮಾಡಿ, ಅದರ ತಲೆಗೆ ಮೇಜಿನ ಡ್ರಾಯರಿಗೆ ಹಾಕುವ ಚಾನಲ್ ಒಂದನ್ನು ಮೊಳೆ ಹೊಡೆದು, ಕ್ಯಾಮೆರಾವನ್ನು ಅದರ ಮೇಲೆ ಕೂರಿಸಿದೆ. ಫೋಕಸ್ ಉಂಗುರ ಇಲ್ಲದಿದ್ದರೇನು, ಇಡೀ ಕ್ಯಾಮೆರಾವನ್ನೇ ಒಂದೊಂದು ಮಿಲಿಮೀಟರ್ ಹಿಂದಕ್ಕೂ ಮುಂದಕ್ಕೂ ಜಾರಿಸಬಹುದು. ಕ್ಯಾಮೆರಾ ಸ್ಥಿರವಾಗಿ ನಿಂತಮೇಲೆ ಅದರ ಅಲುಗಾಟ ತಡೆಯುವ ಸೌಲಭ್ಯದ ಅಗತ್ಯವಿಲ್ಲ, ಅದನ್ನು ಆಫ್ ಮಾಡಿದೆ.

ಬೆಳಕಿನದು ಬೇರೆಯೇ ತಾಪತ್ರಯ. ಐದು ಸೆಂಟಿಮೀಟರ್ ದೂರದಲ್ಲಿ ಕ್ಯಾಮೆರಾದ ನೆರಳೇ ಕೊಳವೆಯ ಮೇಲೆ ಬೀಳುತ್ತದೆ. ಅಪರ್ಚರ್ ಬದಲಿಸಲು ಬರುವುದಿಲ್ಲವಾದ್ದರಿಂದ ಕ್ಯಾಮೆರಾ ತಾನಾಗಿಯೇ ಐಎಸ್ಒ, ಅಂದರೆ ಬೆಳಕಿಗೆ ಸ್ಪಂದಿಸುವ ಮಟ್ಟವನ್ನು, ಏರಿಸಿ ಚಿತ್ರವನ್ನು ಮರಳು ಮರಳಾಗಿಸುತ್ತದೆ. ಗೋಪ್ರೋದಲ್ಲಿ ಇವನ್ನೆಲ್ಲ ಕೈಯಾರೆ ಹೊಂದಿಸುವ ಪ್ರೊಟ್ಯೂನ್ ಎಂಬ ಸೆಟ್ಟಿಂಗ್ ತೆರೆದು ಐಎಸ್ಒ 400ನ್ನು ಮೀರದಂತೆ ಮಿತಿ ಹಾಕಿದೆ. ಬೆಳಗಿನ ಎಳೆ ಬಿಸಿಲು ಬದಿಯಿಂದ ಬರುವ ಹೊತ್ತನ್ನು ಆರಿಸಿಕೊಂಡು, ಎದುರು ಬದಿಗೆ ಥರ್ಮೋಕೋಲಿನ ಒಂದು ತುಂಡನ್ನು ಹಿಡಿದು ಬೆಳಕನ್ನು ತಿರುಗಿಸಿದೆ. ಕೆಮ್ಮಣ್ಣಿನ ಗೋಡೆ ಫ್ರೇಮನ್ನೆಲ್ಲ ತುಂಬಿದಾಗ ಬಣ್ಣಗಳನ್ನು ತಾನಾಗಿ ಸರಿಹೊಂದಿಸುವ ಆಟೋ ವೈಟ್ ಬ್ಯಾಲೆನ್ಸ್ ಕೆಂಪನ್ನು ತಪ್ಪೆಂದು ತಿಳಿದು ನೀಲಿ ಬೆರೆಸುತ್ತದೆ, ಅದಕ್ಕಾಗಿ ಅದನ್ನು 5500 ಕೆಲ್ವಿನ್ನಿಗೆ ಕಟ್ಟಿಹಾಕಿದೆ. ಸಂಜೆ ಕರೆಂಟಿನ ದೀಪದಲ್ಲಿ ತೆಗೆಯುವವರು ಸೆಟ್ಟಿಂಗಿನಲ್ಲಿ ನಮ್ಮ ದೇಶದ 50 ಹರ್ಟ್ಸ್ ಅನ್ನು ಆರಿಸಿಕೊಳ್ಳಬೇಕು, ಇಲ್ಲವಾದರೆ ಚಿತ್ರದ ಮೇಲೆ ಪಟ್ಟಿಗಳು ಓಡಾಡುತ್ತವೆ.

ನೊಣಗಳ ಅಭಿಪ್ರಾಯವನ್ನು ನಾನು ಕೇಳಿರಲಿಲ್ಲ. ಬಾಗಿಲಿನ ನೇರಕ್ಕೆ ಕ್ಯಾಮೆರಾ ಇಟ್ಟಾಗ ಹೊರಗಿನಿಂದ ಬಂದವು ಒಳಗೆ ಹೋಗಲಾಗದೆ ಫಿಲ್ಟರಿನ ಮುಂದೆ ಗುಂಪುಗಟ್ಟಿ ತೂಗಾಡಿದವು, ಸ್ವಲ್ಪ ಹೊತ್ತಿಗೆ ಕಾವಲಿನವು ಹೊರಬಂದು ಗಾಜಿನ ಮೇಲೆ ಕೂತವು. ಅಪರಿಚಿತ ವಸ್ತುವಿಗೆ ಅಂಟು ಮೆತ್ತುವುದು ಈ ಜೇನಿನ ರಕ್ಷಣೆಯ ಕ್ರಮ. ಕ್ಯಾಮೆರಾ ತೆಗೆದಾಗ ಮುಂದಿನ ಗಾಜಿನ ಮೇಲೆ ಹತ್ತಾರು ಕಂದು ಚುಕ್ಕೆಗಳಿದ್ದವು. ಬಟ್ಟೆಯಿಂದ ಒರೆಸಿದ್ದು ನನ್ನ ದೊಡ್ಡ ತಪ್ಪು, ಅಂಟು ಗಾಜಿನ ತುಂಬ ಹರಡಿಕೊಂಡಿತು. ಕೊನೆಗೆ ಹತ್ತಿಗೆ ಸರ್ಜಿಕಲ್ ಸ್ಪಿರಿಟ್ ತಾಗಿಸಿ, ಉಜ್ಜದೆ, ಅಂಟನ್ನು ಕರಗಿಸಿ ಎತ್ತಿದೆ. ಅಂದಿನಿಂದ ಎಲ್ಲಕ್ಕೂ ಮುಂದೆ, ಕಳೆದುಕೊಂಡರೂ ಬೇಸರವಾಗದ +1 ಗಾಜನ್ನು ಕಾವಲಿಗೆ ಹಾಕುತ್ತೇನೆ. ಅದರ ಡಯಾಪ್ಟರ್ ಸೇರಿದ್ದರಿಂದ ದೂರ ತುಸು ಕಡಿಮೆಯಾಗುತ್ತದೆ, ಹಿಡಿಕಡ್ಡಿಯನ್ನೂ ಅಷ್ಟಕ್ಕೆ ಕತ್ತರಿಸಿಕೊಂಡಿದ್ದೇನೆ. ಕ್ಯಾಮೆರಾವನ್ನು ಬಾಗಿಲಿನ ನೇರಕ್ಕಿಡದೆ ಬದಿಯಿಂದ ಓರೆಯಾಗಿ ಇಟ್ಟರೆ ಹಾರಾಟದ ದಾರಿ ತೆರೆದಿರುತ್ತದೆ, ಕಾವಲಿನವೂ ಕೆಲವು ನಿಮಿಷಗಳಲ್ಲಿ ಸುಮ್ಮನಾಗುತ್ತವೆ.

ಈ ಯಶಸ್ಸಿನ ಹುಮ್ಮಸ್ಸಿನಲ್ಲಿ ಮಳೆಗಾಲದಲ್ಲಿ ತೋಟದ ಬಸಿಗಾಲುವೆಯ ಗೊದಮೊಟ್ಟೆಗಳ ಕಡೆಗೆ ತಿರುಗಿದೆ. ಕ್ಯಾಮೆರಾದ ಮುಚ್ಚಳ ಹಾಗೆಯೇ ಇದ್ದುದರಿಂದ ಅದು 10 ಮೀಟರ್ ಆಳದವರೆಗೆ ನೀರು ತಡೆಯುತ್ತದೆ, ಹೊರಗಿನ ಫಿಲ್ಟರ್ ಒದ್ದೆಯಾದರೇನು ಎಂಬುದು ನನ್ನ ತರ್ಕ. +10 ಹಾಕಿ ಮುಳುಗಿಸಿ, 9 ಸೆಂ.ಮೀ. ದೂರದಲ್ಲಿ ಗೊದಮೊಟ್ಟೆಗಳನ್ನು ತೆಗೆದು ಮನೆಗೆ ಬಂದು ನೋಡಿದರೆ ಎಲ್ಲವೂ ಮಸುಕು. ಒಂದು ಗೇಣಿನ ಆಚೆಯ ಕಲ್ಲುಗಳು ಮಾತ್ರ ಸ್ಪಷ್ಟ. ಮಸೂರದ ಶಕ್ತಿ ನಿಂತಿರುವುದು ಗಾಜಿಗೂ ಅದರ ಸುತ್ತಲಿನದಕ್ಕೂ ಇರುವ ವಕ್ರೀಭವನದ ವ್ಯತ್ಯಾಸದ ಮೇಲೆ. ಗಾಜಿನ ಸೂಚ್ಯಂಕ ಸುಮಾರು 1.52, ಗಾಳಿಯದು 1, ನೀರಿನದು 1.33. ಗಾಳಿಯಲ್ಲಿ 0.52 ಇದ್ದ ವ್ಯತ್ಯಾಸ ನೀರಿನಲ್ಲಿ 0.19ಕ್ಕೆ ಇಳಿಯುತ್ತದೆ, +10 ಗಾಜು +4ಕ್ಕೂ ಮುಟ್ಟದ ಗಾಜಾಗುತ್ತದೆ. ಫಿಲ್ಟರಿನ ಎರಡೂ ಬದಿಗೆ ಗಾಳಿ ಇರಲೇಬೇಕು.

ಪರಿಹಾರ ಸರಳವಾಗಿತ್ತು. 15 ಸೆಂ.ಮೀ. ಚೌಕದ ಗಾಜಿನ ತೊಟ್ಟಿಯೊಂದನ್ನು ಅಕ್ವೇರಿಯಂ ಮಾಡುವವರಿಂದ ಮಾಡಿಸಿ, ಅದರ ತಳಕ್ಕೆ ಮುಖ ಮಾಡಿ ಕ್ಯಾಮೆರಾವನ್ನು ಒಳಗಿಟ್ಟು, ತೊಟ್ಟಿಯನ್ನು ಕಾಲುವೆಯ ನೀರಿನ ಮೇಲೆ ಇಳಿಸಿದೆ. ತೊಟ್ಟಿ ಮುಳುಗಲು ಒಪ್ಪುವುದಿಲ್ಲ. ಐದು ಸೆಂಟಿಮೀಟರ್ ಮುಳುಗಿಸಲು ಒಂದು ಕಿಲೋಗೂ ಮಿಕ್ಕ ಭಾರ ಬೇಕು, ಅದಕ್ಕೆ ಕ್ಯಾಮೆರಾದ ಸುತ್ತ ಹೊಳೆಗಲ್ಲುಗಳನ್ನು ತುಂಬಿದೆ. ನೀರಿನೊಳಗಿನದ್ದು ನಿಜ ದೂರದ ಮುಕ್ಕಾಲಿನಷ್ಟರಲ್ಲೇ ಇದ್ದಂತೆ ಕಾಣುವುದರಿಂದ ಲೆಕ್ಕವನ್ನು ತುಸು ತಿದ್ದಬೇಕು: ಫಿಲ್ಟರಿನಿಂದ ತೊಟ್ಟಿಯ ತಳಕ್ಕೆ 2 ಸೆಂ.ಮೀ. ಬಿಟ್ಟರೆ, ತಳದಿಂದ ಕೆಳಗೆ ಸುಮಾರು 8ರಿಂದ 10.5 ಸೆಂ.ಮೀ. ನಡುವೆ ಇರುವುದು ಸ್ಪಷ್ಟವಾಗುತ್ತದೆ. ನಮ್ಮ ಕಾಲುವೆಯಲ್ಲಿ ಗೊದಮೊಟ್ಟೆಗಳು ಕೊಳೆತ ಅಡಿಕೆ ಸೋಗೆಯನ್ನು ಕೆರೆಯುತ್ತಾ ಕೂರುವುದು ಹೆಚ್ಚುಕಡಿಮೆ ಅದೇ ಆಳದಲ್ಲಿ. ತೊಟ್ಟಿಯ ತಳಕ್ಕೆ ಅಂಟಿಕೊಳ್ಳುವ ಗಾಳಿಗುಳ್ಳೆಗಳನ್ನು ಇಳಿಸುವಾಗಲೇ ಓರೆ ಮಾಡಿ ಹೊರಹಾಕಬೇಕು. ಒಳಗಿನ ಗಾಜು ಮಂಜಾಗದಂತೆ ಸಿಲಿಕಾ ಜೆಲ್ಲಿನ ಎರಡು ಪೊಟ್ಟಣಗಳನ್ನು ಕಲ್ಲುಗಳ ನಡುವೆ ಇಟ್ಟು, ಮೇಲೆ ಒಂದು ಬಾಳೆಲೆ ಮುಚ್ಚಿ, ಇಪ್ಪತ್ತು ನಿಮಿಷ ದೂರ ಹೋಗಿ ಕೂರುತ್ತೇನೆ.