ಬೀದರ್‌ನಿಂದ ಬೆಕ್ಕಿನ ಜೊತೆ ವಿಮಾನ ಹತ್ತುವ ಮೊದಲು

ನಮ್ಮ ಬೆಕ್ಕು ಬೆಳ್ಳಿಯನ್ನು ದೆಹಲಿಗೆ, ಮಗಳ ಮನೆಗೆ ಕರೆದುಕೊಂಡು ಹೋದೆ. ಜಹೀರಾಬಾದ್ ದಾಟಿ ಹೈದರಾಬಾದಿನ ಶಂಶಾಬಾದ್ ವಿಮಾನ ನಿಲ್ದಾಣದವರೆಗೆ ಕಾರು, ಅಲ್ಲಿಂದ ವಿಮಾನ.

ಟಿಕೆಟ್ ತೆಗೆಯುವ ಮೊದಲೇ ವಿಮಾನ ಕಂಪನಿಗೆ ಫೋನ್ ಮಾಡಿ ಕೇಳಿ. ಒಂದು ವಿಮಾನದಲ್ಲಿ ಕೆಲವೇ ಪ್ರಾಣಿಗಳಿಗೆ ಜಾಗ. ತೂಕದ ಮಿತಿ ಬೆಕ್ಕನ್ನು ಒಯ್ಯುವ ಬ್ಯಾಗ್ ಸೇರಿಸಿಯೇ. ನಾನು ಓಣಿಯ ಹಿಟ್ಟಿನ ಗಿರಣಿಯ ತಕ್ಕಡಿಯಲ್ಲಿ ಇಟ್ಟು ನೋಡಿದೆ.

ರೇಬಿಸ್ ಲಸಿಕೆಯ ಕಾರ್ಡ್ ಬೇಕು. ಪ್ರಯಾಣಕ್ಕೆ ಆರೋಗ್ಯ ಸರಿಯಿದೆ ಎಂಬ ಪಶುವೈದ್ಯರ ಸರ್ಟಿಫಿಕೇಟೂ ಬೇಕು. ನಿದ್ದೆ ಮಾತ್ರೆ ಮಾತ್ರ ಸುಮ್ನೆ ಕೊಡಬೇಡಿ, ಉಸಿರಾಟಕ್ಕೆ ತೊಂದರೆಯಾಗಬಹುದು.

ಎಲ್ಲಕ್ಕಿಂತ ಜಾಸ್ತಿ ಸಮಯ ಬೇಕಿರುವುದು ಬ್ಯಾಗ್ ರೂಢಿ ಮಾಡಿಸಲು. ತಿಂಗಳ ಮೊದಲೇ ಮೆತ್ತನೆಯ, ಗಾಳಿಯಾಡುವ ಬ್ಯಾಗನ್ನು ಪಡಸಾಲೆಯಲ್ಲಿ ತೆರೆದಿಟ್ಟೆ. ಒಳಗೆ ನನ್ನ ಹಳೇ ಇಳಕಲ್ ಸೀರೆಯ ತುಂಡು. ಮೊದಲ ವಾರ ಬೆಳ್ಳಿ ಮೂಸಿ ಹೋದಳು. ಆಮೇಲೆ ಮಧ್ಯಾಹ್ನದ ನಿದ್ದೆಯೆಲ್ಲ ಅದರಲ್ಲೇ. ಆಗ ಜಿಪ್ ಹಾಕಿ, ಆಟೋದಲ್ಲಿ ಕೋಟೆಯವರೆಗೆ ಸುತ್ತಿಸಿ ತಂದೆ.

ಭದ್ರತಾ ತಪಾಸಣೆಯಲ್ಲಿ ಖಾಲಿ ಬ್ಯಾಗ್ ಎಕ್ಸ್‌ರೇಗೆ ಹೋಗುತ್ತದೆ. ಪ್ರಾಣಿಯನ್ನು ಎತ್ತಿಕೊಂಡು ದಾಟಬೇಕು. ಬೆಕ್ಕು ಗಾಬರಿಯಾಗಿ ಜಿಗಿಯುವುದು ಅಲ್ಲೇ ಅಲ್ವಾ? ಮನೆಯಲ್ಲೇ ಹಾರ್ನೆಸ್ (ಮೈಗೆ ಕಟ್ಟುವ ಪಟ್ಟಿ) ತೊಡಿಸಿ.

ಹಾರುವ ನಾಲ್ಕು ತಾಸು ಮೊದಲು ಊಟ ನಿಲ್ಲಿಸಿ, ನೀರು ಕೊಡಿ. ಇಳಿಯುವಾಗ ಬೆಳ್ಳಿ ಕೂಗಿದಳು. ಜಾಲರಿಗೆ ಬೆರಳಿಟ್ಟೆ, ನೆಕ್ಕಿ ಸುಮ್ಮನಾದಳು.